ಎರಡು ಚೀಲ ಜೋಳದ ಬಾಗಿಲು

ಎಲೆ ಅಡಿಕೆ ಹಾಕುವ ಚಟವಿದ್ದವರು ಕಾರು ಇಟ್ಟುಕೊಳ್ಳಬಾರದು. ಕಾರು ಇಟ್ಟುಕೊಂಡವರು ಎಲೆ ಅಡಿಕೆ ಬಿಡಬೇಕು. ಎರಡನ್ನೂ ಒಟ್ಟಿಗೆ ಸಾಕಿಕೊಂಡ ನನ್ನಂಥವನ ಗತಿ ಏನಾಗುತ್ತದೆ ಎಂಬುದನ್ನು ನಾನೇ ಹೇಳಿಬಿಡುವುದು ಒಳ್ಳೆಯದು. ಬಸವನ ಬಾಗೇವಾಡಿಯ ಕಟ್ಟೆಯ ಮೇಲೆ ಕೂತವರ ಬಾಯಿಗೆ ಬಿದ್ದರೆ ಅದಕ್ಕೆ ರೆಕ್ಕೆಪುಕ್ಕ ಮೂಡುತ್ತದೆ. ನಾನು ವಕೀಲ, ಅಂದರೆ ಬೇರೆಯವರ ಸುದ್ದಿಗೆ ರೆಕ್ಕೆಪುಕ್ಕ ಹಚ್ಚುವುದು ನನ್ನ ಕಸಬು. ನನ್ನ ಸುದ್ದಿಗೆ ಇನ್ನೊಬ್ಬರು ಹಚ್ಚಿದರೆ ನನಗೆ ಸೇರುವುದಿಲ್ಲ.

ನನ್ನ ಕಾರು ಬ್ರಿಟಿಷರ ಕಾಲದ್ದು. ಇಂಡಿ ಊರಿನ ಗುತ್ತಿಗೆದಾರರೊಬ್ಬರು ಅದನ್ನು ನನಗೆ ದಾಟಿಸುವಾಗ, “ಹಳೇ ಮಾಲು ಐತ್ರಿ ವಕೀಲರ, ಈಗಿನ ಗಾಡಿಗೋಳ ಹಂಗ ಬರೇ ತಗಡಲ್ಲ” ಎಂದಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ತಗಡಿನ ಒಳಗೆ ಕಟ್ಟಿಗೆಯ ಚೌಕಟ್ಟು ಇತ್ತು, ಕಟ್ಟಿಗೆಯ ಒಳಗೆ ಗೆದ್ದಲು ಇತ್ತು. ಮುಂದಿನ ಬಾಗಿಲುಗಳು ಈಗಿನ ಕಾರುಗಳ ತದ್ವಿರುದ್ಧ, ಮುಂಭಾಗದಿಂದ ತೆರೆದು ಹಿಂದಕ್ಕೆ ಹೋಗುತ್ತಿದ್ದವು. ಒಂದು ಬೇಸಿಗೆಯಲ್ಲಿ ಮುದ್ದೇಬಿಹಾಳದ ಕೋರ್ಟಿನಿಂದ ಬರುತ್ತಿದ್ದೆ. ಬಾಯಿ ತುಂಬ ರಸ. ಗಾಡಿ ನಿಲ್ಲಿಸಿ ಉಗುಳಬೇಕೆಂಬ ಬುದ್ಧಿ ಯಾವ ದೇವರೂ ಕೊಡಲಿಲ್ಲ. ಓಡುತ್ತಿದ್ದಂತೆಯೇ ನನ್ನ ಕಡೆಯ ಬಾಗಿಲು ತುಸು ತೆರೆದೆ. ಗಾಳಿ ಅದನ್ನು ಕಸಿದುಕೊಂಡಿತು. ಎದುರಿಗೆ ಜೋಳದ ಕಣಿಕೆ ಹೇರಿದ ಬಂಡಿಯೊಂದು ಬರುತ್ತಿತ್ತು. ಬಾಗಿಲು ಅದರ ಗಾಲಿಗೆ ಸಿಕ್ಕು ಕಿತ್ತು, ಮೂರು ಪಲ್ಟಿ ಹೊಡೆದು, ಹೊಲದಲ್ಲಿ ಮಡಚಿಕೊಂಡು ಬಿತ್ತು. ಎತ್ತುಗಳು ತಿರುಗಿ ಕೂಡ ನೋಡಲಿಲ್ಲ. ಬಂಡಿಯವನು ಮಾತ್ರ ಇಳಿದು ಬಂದು ನನ್ನನ್ನು ಮೇಲಿಂದ ಕೆಳಗೆ ನೋಡಿ, “ನಿಮಗೇನೂ ಆಗಿಲ್ಲಲ್ರಿ? ಅಂಗಿ ತುಂಬಾ ರಕ್ತಾಗೈತಿ” ಎಂದು ಗಾಬರಿಯಾದ. ಅದು ರಕ್ತವಲ್ಲ, ಎಲೆ ಅಡಿಕೆಯ ರಸ.

ಅಂದಿನಿಂದ ಬಾಗಿಲಿನ ಜಾಗಕ್ಕೆ ಅಡ್ಡ ಹಗ್ಗ ಕಟ್ಟಿ ಗಾಡಿ ಓಡಿಸತೊಡಗಿದೆ. ಅಂಥದೇ ಬಾಗಿಲಿಗಾಗಿ ಊರೂರು ಹೇಳಿಟ್ಟೆ. ಕೊನೆಗೆ ಸಿಂದಗಿಯಲ್ಲಿ ಒಂದು ಸಿಕ್ಕಿತು. ರೈತರೊಬ್ಬರ ಹಿತ್ತಿಲಲ್ಲಿ ಅದು ಕೋಳಿಗೂಡಿನ ಬಾಗಿಲಾಗಿ ಸೇವೆ ಸಲ್ಲಿಸುತ್ತಿತ್ತು. ಗಾಜಿನ ಜಾಗದಲ್ಲಿ ಜಾಳಿಗೆ, ಬಣ್ಣ ಆಕಾಶನೀಲಿ. ನನ್ನ ಗಾಡಿ ಕಪ್ಪು. ಅವರಿಗೆ ಒಳ್ಳೇ ಸಾಗವಾನಿಯ ಬಾಗಿಲೊಂದನ್ನು ಮಾಡಿಸಿಕೊಟ್ಟು ಇದನ್ನು ತಂದೆ. ಜಗತ್ತಿನಲ್ಲಿ ಸಾಗವಾನಿ ಬಾಗಿಲಿನ ಮನೆಯಲ್ಲಿ ಬಾಳುವ ಕೋಳಿಗಳು ಸಿಂದಗಿಯಲ್ಲಿ ಮಾತ್ರ ಇದ್ದಾವು.

ಇಷ್ಟಕ್ಕೆಲ್ಲ ಅವಸರ ಏನಿತ್ತೆಂದರೆ, ನಾಗರ ಪಂಚಮಿ ಹತ್ತಿರ ಬಂದಿತ್ತು. ನಮ್ಮ ಮನೆಯವಳ ತವರು ತಾಳಿಕೋಟೆ. ಪ್ರತಿ ಪಂಚಮಿಗೂ ಅವಳ ತಮ್ಮ ಶಿವಪ್ಪ ಬಸ್ಸಿನಲ್ಲಿ ಬಂದು ಅಕ್ಕನನ್ನು ಕರೆದೊಯ್ಯುತ್ತಿದ್ದ. ಕರೆಯಲು ಬಾರದೆ ಹೆಣ್ಣುಮಗಳು ಪಂಚಮಿಗೆ ಹೋಗುವುದು ನಮ್ಮಲ್ಲಿ ಇಲ್ಲ. ಆ ವರ್ಷ ನಾನು ಜಂಬದಿಂದ, “ಈ ಸಲ ನೀ ಬರಬ್ಯಾಡೋ ಶಿವಪ್ಪ, ನಾನ ಕಾರಿನ್ಯಾಗ ಕರಕೊಂಡು ಬರ್ತೇನಿ” ಎಂದು ಹೇಳಿ ಕಳಿಸಿದ್ದೆ. ಅತ್ತೆ ಇಡೀ ಓಣಿಗೆ ಡಂಗುರ ಹೊಡೆದಿದ್ದರಂತೆ. ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಅತ್ತೆಯ ಮನೆಯಲ್ಲಿ ನನಗೆ ಕೈ ಬಿಗಿ ಎಂಬ ಹೆಸರಿತ್ತು. ಅವರ ಇನ್ನೊಬ್ಬ ಅಳಿಯ ಬಂದರೆ ಬುಟ್ಟಿ ಬುಟ್ಟಿ ಹಣ್ಣು ತರುತ್ತಿದ್ದ. ನಾನು ಹಸಿವೆ ತರುತ್ತಿದ್ದೆ. ನಮ್ಮ ಮನೆಯವಳು ಇದನ್ನು ನನ್ನೆದುರು ಒಮ್ಮೆಯೂ ಆಡಿದವಳಲ್ಲ. ತಂಗಿಯ ಗಂಡ ಬುಟ್ಟಿ ಇಳಿಸುವ ಹೊತ್ತಿಗೆ ಮಾತ್ರ ಎದ್ದು ಅಡಿಗೆಮನೆಗೆ ಹೋಗುತ್ತಿದ್ದಳು. ಕಾರಿನಲ್ಲಾದರೂ ಇಳಿದರೆ ತನ್ನ ಮಾರಿಗೂ ಒಂದು ಬೆಲೆ ಬಂದೀತೆಂದು ಅವಳ ಆಸೆ. ಹಗ್ಗದ ಗಾಡಿ ನೋಡಿ ಖಡಾಖಂಡಿತ ಹೇಳಿದಳು: “ಹಗ್ಗಾ ಕಟ್ಟಿದ ಗಾಡ್ಯಾಗ ನಾ ತವರಮನಿಗೆ ಹೋಗಾಂಗಿಲ್ರಿ. ಊರಿಗೆಲ್ಲಾ ಸಾರಿ ಈಗ ಬಸ್ಸಿನ್ಯಾಗ ಇಳಿಯಾಂಗೂ ಇಲ್ಲ. ಬಾಗಲಾ ಆದ್ರ ಪಂಚಮಿ, ಇಲ್ಲಂದ್ರ ಇಲ್ಲ.”

ಬಾಗಿಲು ಕೂಡಿಸಲು ಒಪ್ಪಿಕೊಂಡವನು ಮೌಲಾಸಾಬ ಮಿಸ್ತ್ರಿ. ಅವನ ಖಾಸ ವಿದ್ಯೆ ಹಿಟ್ಟಿನ ಗಿರಣಿ. ಆದರೆ ಎಣ್ಣೆಯ ವಾಸನೆ ಬರುವ ಯಾವ ವಸ್ತುವೂ ತನ್ನದೇ ಎಂಬ ಧೈರ್ಯ ಅವನಿಗಿತ್ತು. “ಬಾಗಲಾ ಅಂದ್ರ ಬಾಗಲಾನ್ರಿ ಸಾಹೇಬ್ರ. ಮನಿಗಿರ್ಲಿ, ಮೋಟಾರಕ್ಕಿರ್ಲಿ. ಹೊಂದ್ಕೋತೈತಿ” ಎಂದ. ಹೊಂದಿಕೊಳ್ಳಲಿಲ್ಲ. ಕೆಳಗೆ ಉಜ್ಜಿದರೆ ಮೇಲೆ ಬೆರಳು ತೂರುವಷ್ಟು ಸಂದು. ಮೇಲೆ ಕೂಡಿಸಿದರೆ ಕೊಂಡಿ ತನ್ನ ತೂತನ್ನು ಬಿಟ್ಟು ಬೇರೆಲ್ಲೋ ಹೋಗಿ ಬಡಿಯುವುದು. ಮಿಸ್ತ್ರಿ ಎಣ್ಣೆ ಡಬ್ಬಿಯ ತಗಡು ಕತ್ತರಿಸಿ ಬಿಜಾಗರಿಯ ಹಿಂದೆ ಒಂದೊಂದೇ ತುಣುಕು ಸೇರಿಸಿದ, ತೆಗೆದ, ಮತ್ತೆ ಸೇರಿಸಿದ. ಮೊಣಕಾಲು ಕೊಟ್ಟು ಎತ್ತಿದ. ಬಿಸ್ಮಿಲ್ಲಾ ಎಂದು ಒದ್ದ. ಸಂಜೆಯಾದರೆ, “ನಾಳೆ ಮುಗೀತೈತ್ರಿ” ಎನ್ನುತ್ತಿದ್ದ. ನನ್ನ ಕಕ್ಷಿದಾರರಿಗೆ ನಾನು ವರ್ಷಗಟ್ಟಲೆ ಹೇಳುತ್ತ ಬಂದ ಮಾತು ಅದು. ಅವರು ಅದನ್ನು ಕೇಳಿ ಯಾಕೆ ಹಾಗೆ ನೆಲ ನೋಡುತ್ತಿದ್ದರು ಎಂಬುದು ಆಗ ತಿಳಿಯಿತು.

ಕೊನೆಗೆ ಪಂಚಮಿಯ ಮೊದಲ ದಿನವಾದ ರೊಟ್ಟಿ ಹಬ್ಬದ ಹಿಂದಿನ ದಿನ ಮಿಸ್ತ್ರಿ, “ಇವತ್ತ ಕುಂತ್ಕೊಂತೈತಿ, ಬೇಕಾದ್ರ ಬರ್ಕೋರಿ” ಎಂದ. ನಮ್ಮ ಮನೆಯವಳು ಕೂಡಲೆ ಅರಿಷಿಣ ಕುಂಕುಮ ತಂದಳು. “ಮನಿಗೆ ಬಾಗಲಾ ನಿಲ್ಸೂಮುಂದ ಪೂಜಿ ಮಾಡ್ತೀವಿಲ್ಲೋ? ಇದಂತೂ ಕೋಳಿ ಕಾದ ಬಾಗಲಾ. ಶುದ್ಧಾಗಬೇಕೋ ಬ್ಯಾಡೋ?” ಅವಳ ತವರಿನಲ್ಲಿ ಇನ್ನೊಂದು ಪದ್ಧತಿ: ಹೊಸ ಬಾಗಿಲು ಮೊದಲ ಸಲ ಮುಚ್ಚುವಾಗ ಒಳಗೆ ಖಾಲಿ ಇರಬಾರದು, ಹಿರಿಯರು ಕೂತಿರಬೇಕು. ಹೀಗಾಗಿ ಓಣಿಯ ಹಿರಿಯರಿಗೆ ಕರೆ ಹೋಯಿತು. ಮೂವರು ಒಣಗಿದ ಮುದುಕರು, ಅವರ ಜೊತೆ ಪಕ್ಕದ ಮನೆಯ ಮಲ್ಲನಗೌಡರು. ಗೌಡರು ಬಾಗಿಲಲ್ಲಿ ನಿಂತರೆ ಪಡಸಾಲೆಗೆ ಕತ್ತಲಾಗುತ್ತದೆ. ನಾಲ್ವರೂ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಕೂತರು ಎನ್ನುವುದಕ್ಕಿಂತ ಗೌಡರು ಕೂತರು, ಉಳಿದವರು ಸಂದಿಯಲ್ಲಿ ಸೇರಿಕೊಂಡರು. ಅವಲಕ್ಕಿ ಬಂತು, ಚಹಾ ಬಂತು. ಮಳೆಯ ಮಾತು, ಎರೆ ಹೊಲದ ಮಾತು, ಯಾರದೋ ಮಗನ ಲಗ್ನದ ಮಾತು. ಅತ್ತ ಮಿಸ್ತ್ರಿ ಕಡೆಯ ಸ್ಕ್ರೂ ಬಿಗಿದು ಬಾಗಿಲು ತಳ್ಳಿದ. ಟಕ್! ಎಂಥ ಸದ್ದು ಅದು! ಮೇಲೆ, ಕೆಳಗೆ, ಎಲ್ಲಿಯೂ ಕೂದಲೆಳೆ ಸಂದಿಲ್ಲ. ತೆಂಗಿನಕಾಯಿ ಒಡೆದರು. ನಾನು ಮಿಸ್ತ್ರಿಯನ್ನು ತಬ್ಬಿಕೊಂಡೆ. ನಮ್ಮ ಮನೆಯವಳು ಒಳಗೆ ಹೋಗಿ ಇಳಕಲ್ ಸೀರೆಯನ್ನು ಪೆಟ್ಟಿಗೆಯಿಂದ ಹೊರಗೆ ತೆಗೆದಿಟ್ಟಳು.

ಮರುದಿನ ಮುಂಜಾನೆ ಹೊರಟು ನಿಂತಾಗ ಬಾಗಿಲು ಮುಚ್ಚಲಿಲ್ಲ. ಕೊಂಡಿ ಒಂದು ಬೆರಳು ಮೇಲೆ ಹೋಗಿ ಬಡಿಯುತ್ತಿತ್ತು. ತಳ್ಳಿದೆ, ಎಳೆದೆ, ಬೈದೆ. ಓಡಿಬಂದ ಮಿಸ್ತ್ರಿ ಬಿಜಾಗರಿ ಮುಟ್ಟಿ ನೋಡಿದ. ಒಂದು ಸ್ಕ್ರೂ ಕೂಡ ಸಡಿಲಾಗಿರಲಿಲ್ಲ. “ನಿನ್ನಿ ಕುಂತಿತ್ತಲ್ರಿ!” ಎಂದು ಅವನು ಬಾಗಿಲನ್ನೇ ಗದರಿಸಿದ. ನಮ್ಮ ಮನೆಯವಳು ಇಳಕಲ್ ಸೀರೆ ಉಟ್ಟು, ಉಂಡೆಯ ಡಬ್ಬಿ ಹಿಡಿದು ಕಟ್ಟೆಯ ಮೇಲೆ ಕೂತಿದ್ದಳು.

ಗಲಾಟೆ ಕೇಳಿ ಮಲ್ಲನಗೌಡರು ಬಂದರು. “ನೋಡೂಣು ತಡೀರಿ” ಎಂದು ನಿನ್ನೆಯ ರೂಢಿಯಂತೆ ಹೋಗಿ ಹಿಂದಿನ ಸೀಟಿನಲ್ಲಿ ಕೂತರು. ಗಾಡಿ ‘ಕಿರ್’ ಎಂದು ಕುಸಿಯಿತು. ಮಿಸ್ತ್ರಿ ಬಾಗಿಲು ತಳ್ಳಿದ. ಟಕ್! ಗೌಡರು ಇಳಿದರು, ಬಾಗಿಲು ಕೂಡಲಿಲ್ಲ. ಮತ್ತೆ ಕೂತರು, ಟಕ್! ಎಲ್ಲರೂ ಒಬ್ಬರ ಮಾರಿ ಒಬ್ಬರು ನೋಡಿದೆವು. ಗೆದ್ದಲು ತಿಂದ ಆ ಚೌಕಟ್ಟು ಭಾರ ಬಿದ್ದಾಗ ಬಾಗುತ್ತಿತ್ತು, ಮಿಸ್ತ್ರಿ ಬಾಗಿದ ಚೌಕಟ್ಟಿಗೆ ಬಾಗಿಲು ಹೊಂದಿಸಿದ್ದ. ಅವನು ಮಾತ್ರ ಒಂದಿಷ್ಟೂ ಅಳುಕಲಿಲ್ಲ. “ಬಾಗಲಾ ಬರೋಬ್ಬರಿ ಐತ್ರಿ ಸಾಹೇಬ್ರ. ಮಂದಿ ಕಡಿಮಿ ಆಗ್ಯಾರ” ಎಂದ.

ಮತ್ತೆ ಬಿಚ್ಚಿ ಹೊಂದಿಸುತ್ತ ಕೂತರೆ ಪಂಚಮಿ ಮುಗಿದು ಹೋಗುತ್ತಿತ್ತು. “ಗೌಡರ, ನೀವ ತಾಳಿಕೋಟಿಗೆ ಬರ್ರಲಾ” ಎಂದು ಅಂಗಲಾಚಿದೆ. “ಹಬ್ಬದಾಗ ಮನಿ ಬಿಟ್ಟು ಬಂದ್ರ ನಮ್ಮಾಕಿ ನನ್ನ ಒಳಗ ಕರಕೋತಾಳೇನ್ರಿ? ನನ್ನ ಬದಲಿ ಜ್ವಾಳದ ಚೀಲಾ ಹಾಕ್ಕೊಂಡು ನಡೀರಿ” ಎಂದರು ಗೌಡರು. ನಮ್ಮ ಮನೆಯ ಎರಡು ಚೀಲ ಬಿಳಿಜೋಳ ಹೊರಗೆ ಬಂದವು. ಹಿಂದಿನ ಸೀಟಿನಲ್ಲಿ ಅಕ್ಕಪಕ್ಕ ಕೂಡಿಸಿದೆವು. ಟಕ್! ಗೌಡರಿಗೆ ತಮ್ಮ ತೂಕ ಎಲ್ಲರೆದುರು ಹೀಗೆ ಬಯಲಾದದ್ದು ಸ್ವಲ್ಪ ಬೇಸರವಾದಂತೆ ಕಂಡಿತು. ನಾನು ಏರಿದೆ. ನಮ್ಮ ಮನೆಯವಳು ನನ್ನ ಪಕ್ಕದಲ್ಲಿ ಕೂತು ಸೆರಗು ಸರಿಮಾಡಿಕೊಂಡಳು. ಎರೆ ಮಣ್ಣಿನ ರಾಡಿಯಲ್ಲಿ ತೇಲುತ್ತ, ಮುಳುಗುತ್ತ ತಾಳಿಕೋಟೆ ತಲುಪಿದೆವು. ದಾರಿಯುದ್ದಕ್ಕೂ ಬಾಗಿಲು ಒಂದು ಮಾತೂ ಆಡಲಿಲ್ಲ.

ಅತ್ತೆಯ ಮನೆಯ ಮುಂದೆ ಇಡೀ ಓಣಿ ನೆರೆದಿತ್ತು. ಅತ್ತೆ ಆರತಿ ಹಿಡಿದು ಬಂದವರು ಹಿಂದಿನ ಸೀಟು ನೋಡಿ ನಿಂತುಬಿಟ್ಟರು. ಶಿವಪ್ಪ ಇಣುಕಿ, “ಏ ಮಾಮಾ! ಎರಡು ಚೀಲಾ! ಇದೆಲ್ಲಾ ಯಾಕ ತರಾಕ ಹೋದ್ರಿ?” ಎಂದವನೇ ಆಳುಗಳನ್ನು ಕೂಗಿ ಇಳಿಸಿಯೇ ಬಿಟ್ಟ. “ಹಂಗಲ್ಲೋ ಶಿವಪ್ಪ, ಅವು...” ಎಂದು ನಾನು ಬಾಯಿ ತೆರೆದೆ. ನಮ್ಮ ಮನೆಯವಳ ಕಾಲು ನನ್ನ ಕಾಲಿನ ಮೇಲೆ ಬಂತು, ಭಾರವಾಗಿಯೇ ಬಂತು. ಅತ್ತೆ ಒಂದು ಮುಷ್ಟಿ ಜೋಳ ತೆಗೆದು ಅಂಗೈಯಲ್ಲಿ ಹರಡಿ, ಓಣಿಯ ಹೆಂಗಸರಿಗೆ ಕಾಣುವಂತೆ ಹಿಡಿದು, “ಮುತ್ತಿನಂಥ ಜ್ವಾಳಾ. ನನ್ನ ಹಿರೇ ಅಳಿಯಾ ತಂದಾನ ನೋಡ್ರೆವಾ” ಎಂದರು. ನಮ್ಮ ಮನೆಯವಳು ಅಂದು ಅಡಿಗೆಮನೆಗೆ ಹೋಗಲಿಲ್ಲ. ನಡುಮನೆಯಲ್ಲಿ, ಎಲ್ಲರ ನಡುವೆ ಕೂತಳು. ಅವಳ ಮಾರಿ ನೋಡಿದ ಮೇಲೆ, ಇಡೀ ತಾಲೂಕಿನ ಪರವಾಗಿ ವಾದಿಸುವ ನಾನು ನನ್ನ ಚೀಲಗಳ ಪರವಾಗಿ ಒಂದು ಶಬ್ದವನ್ನೂ ಎತ್ತಲಿಲ್ಲ. ನಿಜ ಹೇಳುತ್ತೇನೆ, ನನಗೂ ಬಹಳ ಸಂತೋಷವಾಯಿತು.

ಹಬ್ಬ ಮುಗಿಸಿ ನಾನೊಬ್ಬನೇ ತಿರುಗಿ ಹೊರಟಾಗ ಅತ್ತೆ, “ಬರಿಗೈಲೆ ಕಳಿಸಬಾರದು” ಎಂದು ದೊಡ್ಡ ಡಬ್ಬಿ ತುಂಬ ಶೇಂಗಾ ಉಂಡೆ, ಎಳ್ಳುಂಡೆ ಕೊಟ್ಟರು. ಡಬ್ಬಿಯನ್ನು ಹಿಂದಿನ ಸೀಟಿನಲ್ಲಿಟ್ಟು ಆಸೆಯಿಂದ ಬಾಗಿಲು ತಳ್ಳಿದೆ. ಅತ್ತೆಯ ಪ್ರೀತಿಗೆ ಅಷ್ಟು ತೂಕ ಇರಲಿಲ್ಲ. ಊರು ದಾಟಿದ ಮೇಲೆ ಬಾಗಿಲನ್ನು ನನ್ನ ಶಲ್ಯದಿಂದ ಬಿಗಿದು ಕಟ್ಟಿಕೊಂಡು ಮನೆ ಸೇರಿದೆ.

ಕೆಲವು ದಿನಗಳ ಮೇಲೆ ನಮ್ಮ ಮನೆಯವಳು ತವರಿನಿಂದ ಬಂದಳು. ಅದೇ ಹೊತ್ತಿಗೆ ಮಿಸ್ತ್ರಿಯೂ ಸಾಮಾನಿನ ಚೀಲ ಹೊತ್ತು, “ಬಾಗಲಾ ಸರಿ ಮಾಡಿಬಿಡೂಣ್ರಿ, ಖಾಲಿ ಗಾಡಿಗೂ ಕೂಡೂ ಹಂಗ” ಎಂದು ಬಂದ. ನಾನು ಹೂಂ ಎನ್ನುವುದರೊಳಗೆ ಒಳಗಿನಿಂದ ದನಿ ಬಂತು: “ಏನೂ ಬ್ಯಾಡ ಮಿಸ್ತ್ರಿ. ಬಾಗಲಾ ಹೆಂಗೈತಿ ಹಂಗ ಇರ್ಲಿ. ಮುಂದಿನ ವರ್ಷಾನೂ ಪಂಚಮಿ ಬರ್ತೈತಿ.” ಮಿಸ್ತ್ರಿ ನನ್ನ ಮಾರಿ ನೋಡಿದ. ನಾನು ನೆಲ ನೋಡಿದೆ.

ಅಂದಿನಿಂದ ಪ್ರತಿ ಪಂಚಮಿಗೂ ಎರಡು ಚೀಲ ಜೋಳ ತಾಳಿಕೋಟೆಗೆ ಹೋಗುತ್ತವೆ. ಅಳಿಯ ಅಂದರೆ ಬಾಗೇವಾಡಿಯ ವಕೀಲರಂತಿರಬೇಕು ಎಂದು ಅಲ್ಲಿ ಆಡಿಕೊಳ್ಳುತ್ತಾರಂತೆ. ಆ ಮಾತು ಕಿವಿಗೆ ಬಿದ್ದಾಗಲೆಲ್ಲ ನಾನು ಗಂಭೀರವಾಗಿ ಒಂದು ಎಲೆ ಅಡಿಕೆ ಹಾಕಿಕೊಳ್ಳುತ್ತೇನೆ. ಉಗುಳುವಾಗ ಮಾತ್ರ ಗಾಡಿ ನಿಲ್ಲಿಸಿ, ಆ ನೀಲಿ ಬಾಗಿಲನ್ನು ಮುಟ್ಟದೆ ಆಚೆ ಸರಿದು, ಎಡಗಡೆಯ ಬಾಗಿಲಿನಿಂದ ಇಳಿಯುತ್ತೇನೆ.