ಮಾವನ ಬೆಕ್ಕು, ನನ್ನ ಹೆಸರು

ನಮ್ಮ ಸೋದರಮಾವನ ಸಲಹೆಯಿಂದ ಬದುಕಿದ ಪ್ರಾಣಿಗಳು ಬೇಕಾದಷ್ಟಿವೆ. ಆ ಸಲಹೆ ಕೇಳಿಸಿಕೊಂಡ ಮನುಷ್ಯರು ಮಾತ್ರ ಇನ್ನೂ ಚೇತರಿಸಿಕೊಂಡಿಲ್ಲ!

ಹಗರಿಬೊಮ್ಮನಹಳ್ಳಿಯಲ್ಲಿ ಸುಟ್ಟ ಪಂಪ್‌ಸೆಟ್ ಮೋಟಾರುಗಳಿಗೆ ತಂತಿ ಸುತ್ತುವುದು ಅವನ ಕಸುಬು. ಮೊಬೈಲಿನಲ್ಲಿ ಸಾಕುಪ್ರಾಣಿಗಳ ಗುಂಪೊಂದನ್ನು ನಡೆಸುವುದು ಅವನ ಹುಚ್ಚು. ಕೂಡ್ಲಿಗಿ, ಕೊಟ್ಟೂರು, ಹಡಗಲಿ, ಹರಪನಹಳ್ಳಿ ಕಡೆಯ ಬಹಳ ಮಂದಿ ಅದರಲ್ಲಿದ್ದರು. ಇದ್ದರು ಅಂದೆ, ಗಮನಿಸಿ. ಎಲ್ಲರೂ ಪ್ರೀತಿಯಿಂದ ಮಾತಾಡಬೇಕು ಎಂಬ ಮೊದಲ ನಿಯಮವನ್ನು ಬರೆದವನು ಮಾವ. ಅದನ್ನು ದಿನಾ ಮುರಿಯುತ್ತಿದ್ದವನೂ ಅವನೊಬ್ಬನೇ.

ಹರಪನಹಳ್ಳಿಯವರೊಬ್ಬರು ದುಂಡನೆಯ ಗಾಜಿನ ಬೋಗುಣಿಯಲ್ಲಿ ಬಿಟ್ಟ ಗೋಲ್ಡ್‌ಫಿಶ್ ಫೋಟೋ ಹಾಕಿ, ಮನೆಗೆ ಹೊಸ ಅತಿಥಿ ಬಂದಿದೆ ಎಂದು ಸಂಭ್ರಮಪಟ್ಟರು. ಉಳಿದವರು ಹೂವು, ಹೃದಯ ಕಳಿಸಿದರು. ನಿಮ್ಮನ್ನು ಬಚ್ಚಲಲ್ಲಿ ಕೂಡಿಹಾಕಿ ಅತಿಥಿ ಅಂತ ಕರೆದರೆ ಹೇಗಿರುತ್ತದೆ ಎಂದು ಮಾವ ಕೇಳಿದ. ವಾರದೊಳಗೆ ಮೀನಿಗೆ ದೊಡ್ಡ ತೊಟ್ಟಿ ಬಂತಂತೆ. ಅಷ್ಟರಲ್ಲಿ ಮೀನಿನ ಯಜಮಾನರು ಗುಂಪು ಬಿಟ್ಟಿದ್ದರು.

ಗುಂಪಿನಲ್ಲಿ ನಾನೂ ಇದ್ದೆ, ನನಗೆ ತಡೆಯಲಾಗಲಿಲ್ಲ. ಬೈಯುವ ಮುಂಚೆ ಒಂದು ನಮಸ್ಕಾರವಾದರೂ ಹೇಳು ಎಂದೆ. ಆಗಲಿ ಎಂದ. ಮರುದಿನ ಕೊಟ್ಟೂರಿನ ಟೀಚರ್ ಒಬ್ಬರು, ದಿನಾ ಹಾಲು ಬಿಸ್ಕತ್ತು ತಿನ್ನಿಸಿದ ನಾಯಿಮರಿಗೆ ಭೇದಿ ಹಿಡಿದಿದೆ, ಏನು ಮಾಡಲಿ ಎಂದು ಕೇಳಿದರು. ಮಾವ ಬರೆದ: "ನಮಸ್ಕಾರ್ರಿ. ನೀವು ನಾಯಿ ಸಾಕಾಕ ಲಾಯಕ್ಕಿಲ್ರಿ."

ಇಂಥವನನ್ನು ತಿದ್ದುವುದು ಹೇಗೆ, ನೀವೇ ಹೇಳಿ?

ನಾನು ಪೂರ್ತಿ ಕೈಚೆಲ್ಲಿದ್ದು ಕೂಡ್ಲಿಗಿಯ ಹಿರಿಯರೊಬ್ಬರ ವಿಷಯದಲ್ಲಿ. ಒಂಟಿಯಾಗಿದ್ದ ಅವರು ಒಂದು ಜೊತೆ ಲವ್‌ಬರ್ಡ್ಸ್ ಸಾಕಿದ್ದರು. ಒಂದು ಸತ್ತುಹೋಯಿತು, ಯಾಕೆ ಸತ್ತಿತೋ ತಿಳಿಯಲಿಲ್ಲ ಎಂದು ಗುಂಪಿನಲ್ಲಿ ಬರೆದುಕೊಂಡರು. ಮಾವ ಮೂರು ಕಾರಣ ಕೊಟ್ಟ. ಮೂರರಲ್ಲೂ ತಪ್ಪು ಅವರದೇ. ಅವರು "ಆಗ್ಲಿರಿ" ಎಂದಷ್ಟೇ ಬರೆದು ಹೊರಟುಹೋದರು. ಹೀಗೆ ಬರೆಯಬಹುದೇ ಎಂದು ನಾನು ಜಗಳಕ್ಕೆ ಬಿದ್ದಾಗ ಮಾವ ತಂತಿಯಿಂದ ಕಣ್ಣೆತ್ತದೆ, "ಸತ್ತದ್ದು ಹಕ್ಕಿ. ನೋವು ಅವ್ರಿಗೆ ಹೆಂಗಾತು?" ಎಂದ. ಅವನು ಹೇಳಿದ ಮೂರೂ ಕಾರಣ ನಿಜವೇ ಇದ್ದವು. ನನ್ನ ಸಂಕಟವೂ ಅದೇ. ಸುಳ್ಳು ಹೇಳುವವನಾದರೆ ತಿದ್ದಬಹುದಿತ್ತು.

ಈ ಬೇಸಿಗೆಯಲ್ಲಿ ಅವನ ಮುದಿ ಬೆಕ್ಕು ಊಟ ಬಿಟ್ಟಿತು. ಸೊರಗಿದ್ದನ್ನು ಕಂಡಿದ್ದ. ಬಿಸಿಲಿಗೆ ಇರಬೇಕು ಎಂದುಕೊಂಡು ನಾಲ್ಕು ದಿನ ಸುಮ್ಮನಿದ್ದ. ಇವನೇ! ಐದನೆಯ ದಿನ ದವಾಖಾನೆಗೆ ಒಯ್ದಾಗ ಡಾಕ್ಟರು, ಮೂತ್ರಪಿಂಡ ಕೆಟ್ಟಿದೆ, ಉಳಿಯುವ ಭರವಸೆ ಕಡಿಮೆ ಎಂದು ಹೇಳಿ ಒಂದು ಬಾಟಲಿ ಸಲೈನ್ ಏರಿಸಿ ಕಳಿಸಿದರು.

ಅಂದು ಸಂಜೆ ನಾನು ಅವನ ಮೋಟಾರು ಅಂಗಡಿಗೆ ಹೋದೆ. ಬೆಕ್ಕು ಅವನ ತೊಡೆಯ ಮೇಲಿತ್ತು. ಮೊಬೈಲಿನಲ್ಲಿ ಏನೋ ಬರೆಯುತ್ತಿದ್ದ, ಅಳಿಸುತ್ತಿದ್ದ, ಮತ್ತೆ ಬರೆಯುತ್ತಿದ್ದ. ಕೊನೆಗೆ ಅದನ್ನು ಪಕ್ಕಕ್ಕಿಟ್ಟು, "ಗುಂಪಿನಾಗ ಕೇಳು. ನಿನ್ನ ಹೆಸರಿನಾಗ" ಎಂದ.

"ನೀನ ಯಾಕ ಕೇಳಬಾರ್ದು, ಮಾವ?"

"ಅಲ್ಲಿ ನನ್ನಂಥವ ಒಬ್ಬ ಇದ್ರ?"

ನಾನು ಕೇಳಿದೆ. ಬಿಸಿಲಿಗೆ ಇರಬೇಕೆಂದು ನಾಲ್ಕು ದಿನ ಸುಮ್ಮನಿದ್ದದ್ದನ್ನೂ ಮುಚ್ಚಿಡಲಿಲ್ಲ. ಅಳಿದುಳಿದ ಕೆಲವರು ಉತ್ತರ ಕೊಟ್ಟರು. ಕತ್ತಲಲ್ಲಿ, ತಣ್ಣಗಿರುವ ಕಡೆ ಮಲಗಿಸಿ ಎಂದರು. ತುಟಿಗೆ ನೀರು ಹಚ್ಚಿ, ಹತ್ತಿರವೇ ಕೂತುಕೊಳ್ಳಿ, ನೀವೂ ಏನಾದರೂ ತಿನ್ನಿ ಎಂದರು. ನಾಲ್ಕು ದಿನದ ಲೆಕ್ಕ ಯಾರೂ ಕೇಳಲಿಲ್ಲ.

ಮರುದಿನ ಮಧ್ಯಾಹ್ನ ಬೆಕ್ಕು ಹೋಯಿತು. ಅದನ್ನೂ ಬರೆದೆ. ಬಂದ ಮಾತುಗಳನ್ನೆಲ್ಲ ಮಾವ ನನ್ನ ಮೊಬೈಲು ಇಸಿದುಕೊಂಡು ಒಂದೊಂದಾಗಿ ಓದಿದ. ಹಡಗಲಿಯಲ್ಲಿ ಹೊಲಿಗೆ ಕೆಲಸ ಮಾಡುವ ಹೆಣ್ಣುಮಗಳೊಬ್ಬರು ಬರೆದಿದ್ದರು: "ಬೆಕ್ಕು ನೋವು ತೋರಸಂಗಿಲ್ರಿ. ನಿಮಗ ತಿಳೀಲಿಲ್ಲ ಅಂದ್ರ ಪ್ರೀತಿ ಇರಲಿಲ್ಲ ಅಂತಲ್ಲ."

ಅದನ್ನು ಎರಡು ಸಲ ಓದಿದ. ಆಮೇಲೆ, ಈ ತಂಗಿಗೆ ಏನಂತ ಬರೆಯಲಿ ಎಂದು ನನ್ನನ್ನೇ ಕೇಳಿದ. ತಿಳಿದದ್ದು ಬರಿ ಎಂದೆ. ಗ್ರೀಸು ಮೆತ್ತಿದ ಬೆರಳಿನಿಂದ ಒಂದೊಂದೇ ಅಕ್ಷರ ಒತ್ತಿ, ನನ್ನ ಹೆಸರಿನಲ್ಲಿ ಬರೆದ:

"ಹನ್ನೊಂದು ವರ್ಷ ನನ್ನ ತೊಡಿ ಮ್ಯಾಲ ಮಲಕ್ಕಂತಿತ್ರಿ."