ಇರುವೆ ಡಾಕ್ಟರ ಹುಡುಕಾಟ

ಊರವರ ಹಲ್ಲು ಕೀಳುವವನಿಗೆ ಹಲ್ಲುನೋವು ಬರಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬಂತು. ಬೆಳಗಿನ ಕಾಫಿಯ ಮೊದಲ ಗುಟುಕಿಗೇ ನಮ್ಮ ಹಲ್ಲಿನ ಡಾಕ್ಟರ ದವಡೆ ಹಲ್ಲು ಚುರ್ರೆಂದಿತು. ಕನ್ನಡಿಯ ಮುಂದೆ ಬಾಯಿ ಅಗಲಿಸಿ ನೋಡಿಕೊಂಡರು. ಅನುಮಾನವೇ ಇಲ್ಲ, ಕೀಳಿಸಲೇಬೇಕು. ಅಷ್ಟಕ್ಕೇ ಬಾಯಿ ಮುಚ್ಚಿ ಕನ್ನಡಿಗೆ ಬೆನ್ನು ತಿರುಗಿಸಿದರು.

ಜನ ಅವರನ್ನು ಕರೆಯುವುದು ಇರುವೆ ಡಾಕ್ಟ್ರು ಅಂತ. ಎಂಥ ಪುಕ್ಕಲು ಆಸಾಮಿ ಕುರ್ಚಿಯಲ್ಲಿ ಕೂತರೂ "ಏನೂ ಆಗಲ್ಲ, ಇರುವೆ ಕಚ್ಚಿದ ಹಾಗೆ ಅಷ್ಟೆ" ಎಂದು ನಗಿಸಿ, ಆ ನಗುವಿನಲ್ಲೇ ಹಲ್ಲು ಕಿತ್ತು ತಟ್ಟೆಗೆ ಹಾಕುತ್ತಿದ್ದರು. ಕ್ಲಿನಿಕ್ಕು ನಡೆಯುತ್ತಿದ್ದುದೇ ಆ ಮಾತಿನ ಮೇಲೆ. ಆದರೆ ತಮ್ಮದೇ ಬಾಯಿಗೆ ಇನ್ನೊಬ್ಬರು ಇಕ್ಕಳ ಹಾಕುವುದನ್ನು ನೆನೆದರೆ ಸಾಕು, ಮನುಷ್ಯ ಬೆವರಿ ನೀರಾಗುತ್ತಿದ್ದರು. ಈ ಗುಟ್ಟು ರಟ್ಟಾದರೆ ಇನ್ನು ಯಾರು ಅವರನ್ನು ನಂಬಿ ಬಾಯಿ ತೆರೆದಾರು?

ಫೋನಿನಲ್ಲಿ ಹುಡುಕಿದರೆ ಹೆಂಡತಿಯ ಕಣ್ಣಿಗೆ ಬೀಳುತ್ತದೆಂದು ಕ್ಲಿನಿಕ್ಕಿಗೆ ಬೇಗನೆ ಹೋಗಿ, ರಿಸೆಪ್ಷನಿಸ್ಟಳ ಕಂಪ್ಯೂಟರಿನ ಮುಂದೆ ಕೂತರು. 'ಹೆದರುವವರಿಗೆ ನೋವಿಲ್ಲದೆ ಹಲ್ಲು ಕೀಳುವ ಡಾಕ್ಟರು, ದೂರದಲ್ಲಿ' ಎಂದು ಟೈಪ್ ಮಾಡಿದರು. ಲೋಕವೆಲ್ಲ 'ಹತ್ತಿರದಲ್ಲಿ' ಎಂದು ಹುಡುಕಿದರೆ ಇವರದು 'ದೂರದಲ್ಲಿ'! ಉತ್ತರ ಓದುವಷ್ಟರಲ್ಲಿ ಬಾಗಿಲ ಸದ್ದಾಗಿ, ಎಲ್ಲ ಮುಚ್ಚಿ ಒಳಕೋಣೆಗೆ ಓಡಿದರು. ಆ ಕಂಪ್ಯೂಟರಿಗೂ ಕಾಯುವ ಕೋಣೆಯ ಟೀವಿಗೂ ಒಂದೇ ಖಾತೆ ಎಂಬುದು ಪಾಪ, ಅವರಿಗೆ ಗೊತ್ತಿರಲಿಲ್ಲ.

ಕಾಯುವ ಕೋಣೆ ತುಂಬಿತು. ಟೀವಿಯಲ್ಲಿ ಮೊಲವೊಂದು ಹಲ್ಲುಜ್ಜುವುದನ್ನು ಎಲ್ಲರೂ ಗಂಭೀರವಾಗಿ ನೋಡುತ್ತಿದ್ದರು. ಡಾಕ್ಟರು ಬಾಗಿಲು ತೆರೆದು ಹೊರಬರುವುದಕ್ಕೂ ಮೊಲ ಮಾಯವಾಗುವುದಕ್ಕೂ ಸರಿಹೋಯಿತು.

"ಹಲ್ಲು ಕೀಳಿಸಲು ಹೆದರಿಕೆಯೇ? ನಿಮ್ಮ ಈಗಿನ ಡಾಕ್ಟರು ನೋಯಿಸುತ್ತಾರೆಯೇ?" ಎಂದು ಟೀವಿ ಕೇಳಿತು. ಕೆಳಗೊಂದು ವಿಳಾಸ ಮೂಡಿತು.

ಡಾಕ್ಟರು ರಿಮೋಟಿಗೆ ಹಾರಿದರು. ಗಾಬರಿಯಲ್ಲಿ ಒತ್ತಿದ್ದು ಸದ್ದು ಜಾಸ್ತಿ ಮಾಡುವ ಗುಂಡಿ. "ಹೆದರಿಕೆಯೇ?" ಎಂದು ಟೀವಿ ಬೀದಿಗೆಲ್ಲ ಕೇಳುವಂತೆ ಅರಚಿತು. ಕೊನೆಗೆ ವೈರನ್ನೇ ಕಿತ್ತರು.

"ಯಾರೋ ನಮ್ಮ ಕಂಪ್ಯೂಟರಲ್ಲಿ ಏನೋ ಹುಡುಕಿದಾರೆ ಸಾರ್," ಎಂದಳು ರಿಸೆಪ್ಷನಿಸ್ಟ್. "ಬೆಳಿಗ್ಗೆಯಿಂದ ಇದೇ ಬರ್ತಿದೆ. ಈ ಬ್ರೌಸರು ಒಂದ್ಸಲ ಹಿಡ್ಕೊಂಡ್ರೆ ಬಿಡಲ್ಲ."

"ನಮ್ಮ ಭಾವಮೈದ ಕಣಮ್ಮ," ಎಂದು ಡಾಕ್ಟರು ಕಣ್ಣು ಮಿಟುಕಿಸದೆ ಸುಳ್ಳು ಬಿಟ್ಟರು. "ದೊಡ್ಡ ಪುಕ್ಕಲ ಅವನು."

"ಅಯ್ಯೋ, ಹಂಗಾದ್ರೆ ಈ ಇನ್ನೊಂದು ಬ್ರೌಸರಲ್ಲಿ ಹುಡುಕಿ ಸಾರ್. ಇದು ಯಾರ ಹತ್ರಾನೂ ಬಾಯಿ ಬಿಡಲ್ಲ."

ಅವಳು ಹೊಸದನ್ನು ಹಾಕುತ್ತಿದ್ದಂತೆ ಹಳೆಯದು 'ನಮ್ಮನ್ನು ಬಿಟ್ಟು ಹೋಗುತ್ತೀರಾ? ನಮ್ಮಿಂದ ಏನು ತಪ್ಪಾಯಿತು?' ಎಂದು ಗೋಗರೆಯಿತು. ಹೊಸದು 'ಅದರ ಮಾತು ಕೇಳಬೇಡಿ' ಎಂದಿತು. ಇಬ್ಬರು ಸವತಿಯರ ನಡುವೆ ಸಿಕ್ಕಿದ ಗಂಡನಂತೆ ಡಾಕ್ಟರು ಪಿಳಿಪಿಳಿ ನೋಡಿದರು. ಅಂತೂ ಹೊಸದು ಏನೂ ಕೇಳದೆ ಒಂದು ವಿಳಾಸ ಕೊಟ್ಟಿತು. ಬಸ್ಸಿನಲ್ಲಿ ಹೋದರೆ ಊರಾಚೆಯ ಕೊನೇ ಸ್ಟಾಪು.

ಹೊರಗೆ ನೋಡಿದರೆ ಕಾಯುವ ಕೋಣೆ ಖಾಲಿ. "ಎಲ್ರೂ ಆಮೇಲೆ ಬರ್ತೀವಿ ಅಂತ ಹೋದ್ರು ಸಾರ್," ಎಂದಳು ಅವಳು.

"ಒಳ್ಳೇದೇ ಆಯ್ತು ಬಿಡು," ಎಂದು ಡಾಕ್ಟರು ಟೋಪಿ ಹಾಕಿ, ಮಾಸ್ಕು ಕಟ್ಟಿ ಬಸ್ಸು ಹತ್ತಿದರು.

ಆ ಕ್ಲಿನಿಕ್ಕಿನ ಬಾಗಿಲಲ್ಲಿ ನರ್ಸಮ್ಮ ಕೂತಿದ್ದಳು. "ಏನಾಗ್ಬೇಕಿತ್ತು?"

"ಕೀಳಿಸ್ಬೇಕು," ಎಂದು ಡಾಕ್ಟರು ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದರು. "ಸ್ವಲ್ಪ ಹೆದರಿಕೆ."

"ಎಷ್ಟು ಹೆದರಿಕೆ?"

"ತುಂಬಾ."

ಅವಳು ಬರೆದುಕೊಂಡಳು. ಡಾಕ್ಟರು ತಿರುಗಿದರು. ಬೆಂಚಿನ ಮೇಲೆ ಸಾಲಾಗಿ ಕೂತಿದ್ದವರು ಲಾರಿ ಡ್ರೈವರು, ಟೀಚರಮ್ಮ, ಹಲ್ಲುಸೆಟ್ಟಿನ ಅಜ್ಜಿ. ಎಲ್ಲ ಅವರದೇ ಪೇಷೆಂಟುಗಳು! ಟೀವಿಯ ಜಾಹೀರಾತಿನ ವಿಳಾಸ ಹಿಡಿದು ಸೀದಾ ಇಲ್ಲಿಗೇ ಬಂದಿದ್ದರು. ಮಾಸ್ಕು ಹಾಕಿದರೆ ಗುರುತು ಸಿಗದು ಎಂಬುದು ಡಾಕ್ಟರ ಲೆಕ್ಕ. ಆದರೆ ಆ ಜನ ಅವರನ್ನು ಇಷ್ಟು ವರ್ಷ ನೋಡಿದ್ದೇ ಮಾಸ್ಕಿನಲ್ಲಿ.

"ಅಯ್ಯೋ, ನಮ್ಮ ಡಾಕ್ಟ್ರು!" ಎಂದಳು ಅಜ್ಜಿ.

ಎಲ್ಲರೂ ಕದ್ದು ಸಿಕ್ಕಿಬಿದ್ದವರಂತೆ ಎದ್ದು ನಿಂತರು. "ತಪ್ಪಾಯ್ತು ಡಾಕ್ಟ್ರೇ," ಎಂದರು ಟೀಚರಮ್ಮ. "ಯಾವುದೋ ಜಾಹೀರಾತು ನೋಡಿ ಬುದ್ಧಿ ಕೆಟ್ಟುಹೋಯ್ತು."

"ನಮ್ಮನ್ನ ಹುಡುಕ್ಕೊಂಡು ಇಲ್ಲೀವರೆಗೂ ಬಂದ್ಬಿಟ್ರಲ್ಲ ಸಾಮೀ!" ಎಂದು ಡ್ರೈವರು ಕೈಮುಗಿದ.

ಡಾಕ್ಟರು ಬಾಯಿ ತೆರೆಯುವಷ್ಟರಲ್ಲಿ ನರ್ಸಮ್ಮ ಕೂಗಿದಳು, "ತುಂಬಾ ಹೆದರಿಕೆ ಇರೋರು ಯಾರು? ಬೇಗ ಬನ್ನಿ, ಅವರದ್ದು ಮೊದಲು ಮುಗಿಸ್ತಾರಂತೆ!"

ಯಾರೂ ಅಲುಗಾಡಲಿಲ್ಲ. ದವಡೆ ಹಲ್ಲು ಹೋಗು ಹೋಗು ಎಂದು ಕುಟುಕಿತು.

"ಯಾವನ್ರೀ ಅವನು ಪುಕ್ಕಲ?" ಎಂದ ಡ್ರೈವರು. ಎಲ್ಲರೂ ಗೊಳ್ಳೆಂದು ನಕ್ಕರು. ಡಾಕ್ಟರೂ ನಕ್ಕರು. ನಕ್ಕಾಗ ಹಲ್ಲಿಗೆ ಗಾಳಿ ತಾಗಿ ಕಣ್ಣಿಂದ ಬಳಬಳ ನೀರು ಸುರಿಯಿತು.

"ನೋಡ್ರಪ್ಪಾ, ನಮ್ಮ ಮೇಲಿನ ಪ್ರೀತಿಗೆ ಕಣ್ಣೀರು ಹಾಕ್ತಿದಾರೆ!" ಎಂದು ಅಜ್ಜಿ ತಾನೂ ಅತ್ತಳು. ಅಲ್ಲಿಗೆ ಮುಗಿಯಿತು. ಡ್ರೈವರು ಡಾಕ್ಟರನ್ನು ಅನಾಮತ್ತಾಗಿ ಎತ್ತಿ ಲಾರಿಯ ಮುಂದಿನ ಸೀಟಿನಲ್ಲಿ ಕೂರಿಸಿದ. ಪ್ರತಿ ಗುಂಡಿಗೂ ಲಾರಿ ಕುಣಿಯಿತು, ಹಲ್ಲೂ ಕುಣಿಯಿತು. ಹಿಂದೆ ಕೂತವರು ದಾರಿಯುದ್ದಕ್ಕೂ ಹಾಡಿದರು.

ಸಂಜೆಯವರೆಗೆ ಡಾಕ್ಟರು ಕೆನ್ನೆ ಊದಿಸಿಕೊಂಡು ಊರವರ ಹಲ್ಲು ಕಿತ್ತರು. ಎಲ್ಲರೂ ನಗುನಗುತ್ತಾ ಮನೆಗೆ ಹೋದರು.

"ಸಾರ್, ಎಲ್ರೂ ನೆಟ್ಟಲ್ಲಿ ನಿಮ್ಮ ಬಗ್ಗೆ ಏನೇನೋ ಹೊಗಳಿ ಬರೆದಿದಾರೆ!" ಎಂದು ರಿಸೆಪ್ಷನಿಸ್ಟ್ ಕುಣಿಯುತ್ತಾ ಬಂದಳು. "ಅಜ್ಜಿ ಮೊಮ್ಮಗಳ ಕೈಲಿ ಬರೆಸಿದಾರೆ. ಐದು ಸ್ಟಾರು!"

ಅವಳು ಅತ್ತ ಹೋಗುತ್ತಲೇ ಡಾಕ್ಟರು ಬಾಗಿಲು ಹಾಕಿಕೊಂಡು, ಬಾಯಿ ಬಿಡದ ಆ ಹೊಸದರಲ್ಲಿ ಮತ್ತೆ ಹುಡುಕಿದರು. ಊರಾಚೆಯ ಕ್ಲಿನಿಕ್ಕು, 'ಪೇಷೆಂಟುಗಳಿಲ್ಲದ ಕಾರಣ ಇವತ್ತು ಬೇಗ ಮುಚ್ಚಿದೆ'. ಹಳೆಯದರ ಕೈಕಾಲು ಹಿಡಿಯೋಣವೆಂದು ಅದರಲ್ಲೂ ಹುಡುಕಿದರು. ಜಗಳ ಮರೆತು ಎರಡೂ ಒಂದೇ ಉತ್ತರ ಕೊಟ್ಟವು. ಎಲ್ಲಕ್ಕಿಂತ ಮೇಲೆ ಅವರದೇ ನಗುಮುಖ, ಕೆಳಗೆ ಒಂದು ಸಾಲು:

'ತುಂಬಾ ಹೆದರಿಕೆಯೇ? ಇವರ ಹತ್ತಿರ ಹೋಗಿ. ಈಗ ತೆರೆದಿದೆ.'