ಗೋಡೆ ಮೇಲಿನ ಪಾಸ್‌ವರ್ಡ್

ಜಯಪ್ಪ ದಿನಕ್ಕೆ ಹತ್ತು ಪದ ಆಡಿದರೆ ಅವತ್ತು ಮನೆಯಲ್ಲಿ ಏನೋ ವಿಶೇಷ ಇದೆ ಎಂದೇ ಅರ್ಥ. ಸಂತೇಬೆನ್ನೂರಿನ ನೀರುಗಂಟಿ ಅವನು. ಇಪ್ಪತ್ತೆರಡು ವರ್ಷದಿಂದ ಬೀದಿ ಬೀದಿಯ ವಾಲ್ವ್ ತಿರುಗಿಸಿ ನೀರು ಬಿಡುವ ಕೆಲಸ. ವಾಲ್ವ್‌ಗೆ ಮಾತು ಬೇಕಿಲ್ಲ, ಕೈ ಬೇಕು. ಅಂಥ ಮನುಷ್ಯ ಒಂದು ಸೋಮವಾರ ಬೆಳಿಗ್ಗೆ ಹಿತ್ತಲ ಬಾಗಿಲಲ್ಲಿ ಎದೆಯುಬ್ಬಿಸಿ ನಿಂತು, ಹೆಂಡತಿ ಗಿಡ್ಡಮ್ಮನ ಮುಂದೆ ಒಂದೇ ಉಸಿರಿಗೆ ಘೋಷಿಸಿದ:

“ನೀನು ಚಿಂತೆ ಮಾಡಬ್ಯಾಡ. ಇದನ್ನ ನಂಗೆ ಬಿಡು. ಮೇಲ್ ಹಾಕ್ತೀನಿ. ಮೂರು ದಿನದಾಗೆ ಕಂಪನಿಯೋರೇ ಮನೆ ಬಾಗ್ಲಿಗೆ ಬರ್ತಾರೆ.”

ಹದಿನಾಲ್ಕು ಪದ! ಒಂದೂವರೆ ದಿನದ ಮಾತು ಒಂದೇ ಸಲಕ್ಕೆ ಖರ್ಚಾಗಿತ್ತು. ಗಿಡ್ಡಮ್ಮ ಗಾಬರಿಯಾಗಿ ಗಂಡನ ಹಣೆ ಮುಟ್ಟಿ ನೋಡಿದಳು.

ಆಗಿದ್ದಿಷ್ಟೆ. ಹಿಂದಿನ ದಿನ ಅವಳ ಗ್ರೈಂಡರ್ ಅರ್ಧ ಅಕ್ಕಿ ರುಬ್ಬಿ, ಒಂದು ಸಲ ನರಳಿ, ಸುಟ್ಟ ವಾಸನೆ ಬಿಟ್ಟು ನಿಂತುಬಿಟ್ಟಿತ್ತು. ಗಿಡ್ಡಮ್ಮ ಬಸ್‌ಸ್ಟ್ಯಾಂಡಿನಲ್ಲಿ ಇಡ್ಲಿ ಮಾರುವವಳು. ದಾವಣಗೆರೆಗೆ ಹೋಗುವ ಬೆಳಗಿನ ಬಸ್ಸು ಅವಳ ಇಡ್ಲಿ ತಿಂದವರನ್ನು ಹತ್ತಿಸಿಕೊಂಡೇ ಹೊರಡುವುದು. ಗ್ರೈಂಡರ್ ಇಲ್ಲ ಎಂದರೆ ಇಡ್ಲಿ ಇಲ್ಲ. ನಾಲ್ಕು ದಿನ ಇಡ್ಲಿ ಇಲ್ಲ ಎಂದರೆ ಆ ಜಾಗದಲ್ಲಿ ಇನ್ಯಾರೋ ಪಲಾವಿನ ಪಾತ್ರೆ ಇಟ್ಟುಕೊಂಡು ಕೂತಿರುತ್ತಾರೆ. ಹೊಸ ಮೋಟಾರ್ ಹಾಕಿಸೋಣ ಎಂದರೆ ಆರು ತಿಂಗಳ ಇಡ್ಲಿ ಅದರ ಹೊಟ್ಟೆಗೇ ಹೋಗುತ್ತದೆ. ಪುಣ್ಯಕ್ಕೆ ಮೋಟಾರಿಗೆ ಐದು ವರ್ಷದ ವಾರಂಟಿ ಇತ್ತು, ಮುಗಿಯಲು ಇನ್ನೂ ಹತ್ತು ದಿನ ಉಳಿದಿತ್ತು. ಬಿಲ್ಲು, ಕಾರ್ಡು ಎರಡನ್ನೂ ಅವಳು ನೀಲಿ ಬ್ಯಾಗೊಂದರಲ್ಲಿ ಜೋಪಾನವಾಗಿ ಇಟ್ಟಿದ್ದಳು. ಎರಡು ವರ್ಷದ ಹಿಂದೆ ಮಹಿಳಾ ಸಂಘದವರನ್ನೆಲ್ಲ ಚನ್ನಗಿರಿಗೆ ಟ್ರೇನಿಂಗ್‌ಗೆ ಕರೆದಾಗ ಕೊಟ್ಟ ಬ್ಯಾಗು ಅದು. ಅದು ಯಾವ ಟ್ರೇನಿಂಗು ಎಂದು ಜಯಪ್ಪ ಕೇಳಿರಲಿಲ್ಲ. ಕೇಳಿದರೆ ಪದ ಖರ್ಚು.

ಕಂಪನಿಗೆ ಫೋನ್ ಮಾಡಿದರೆ ಹುಡುಗಿಯೊಬ್ಬಳು ಬಹಳ ಸಮಾಧಾನದಿಂದ, ಫೋನಿನಲ್ಲಿ ಏನೂ ಆಗುವುದಿಲ್ಲ, ಬಿಲ್ಲು ಮತ್ತು ಗ್ರೈಂಡರಿನ ಫೋಟೋ ಮೇಲ್ ಮಾಡಿ ಎಂದಳು. ಜಯಪ್ಪನ ಎದೆಯುಬ್ಬಿದ್ದು ಆಗಲೇ. ಯಾಕೆಂದರೆ ಇಡೀ ಬೀದಿಗೆ ಇದ್ದದ್ದು ಒಂದೇ ಮೇಲ್ ಐಡಿ. ಅದು ಅವನದು.

ಐದಾರು ವರ್ಷದ ಹಿಂದೆ ಫೋನ್ ಕೊಂಡಾಗ ಮೊಬೈಲ್ ಅಂಗಡಿಯ ಅರುಣ್ ಕುಮಾರ್ ಮಾಡಿಕೊಟ್ಟ ಐಡಿ. ಬೀದಿಯವರಿಗೆ ಏಣಿ ಬೇಕಾದರೆ ಪಾಲಣ್ಣನ ಮನೆ, ದೊಡ್ಡ ಹಂಡೆ ಬೇಕಾದರೆ ಹನುಮಂತಮ್ಮನ ಮನೆ, ಮೇಲ್ ಬೇಕಾದರೆ ಜಯಪ್ಪನ ಮನೆ. ಅವನು ನೀರು ಬಿಡಲು ಹೋದಾಗಲೂ ಯಾರಿಗೂ ತೊಂದರೆಯಾಗಬಾರದಲ್ಲ! ಅದಕ್ಕೇ ಓವರ್‌ಹೆಡ್ ಟ್ಯಾಂಕಿನ ಮೇಲೆ ‘ತೊಳೆದ ದಿನಾಂಕ’ ಬರೆದು ಉಳಿದ ನೀಲಿ ಬಣ್ಣದಲ್ಲಿ, ಜಗುಲಿಯ ಗೋಡೆಯ ಮೇಲೆ, ಕರೆಂಟ್ ಮೀಟರಿನ ಪಕ್ಕ, ಐಡಿ ಮತ್ತು ಪಾಸ್‌ವರ್ಡ್ ಎರಡನ್ನೂ ದೊಡ್ಡದಾಗಿ ಬರೆದಿಟ್ಟಿದ್ದ. ಬಂದವರು ನೋಡಿಕೊಂಡು ತಮ್ಮ ತಮ್ಮ ಫೋನಿನಲ್ಲಿ ಹೊಡೆದುಕೊಳ್ಳುತ್ತಿದ್ದರು. ಹಾಗೆ ಹೊಡೆದಾಗಲೆಲ್ಲ ಇವನ ಫೋನು ‘ನೀವೇನಾ?’ ಎಂದು ಕೇಳುತ್ತಿತ್ತು. ಇವನು ಹೌದು ಎಂದು ಒತ್ತುತ್ತಿದ್ದ. ಹುಟ್ಟಿದಾಗಿನಿಂದ ಯಾರಿಗೂ ಇಲ್ಲ ಎಂದವನಲ್ಲ, ಪಾಪದ ಫೋನಿಗೆ ಹೇಗೆ ಇಲ್ಲ ಎಂದಾನು?

ಸೋಮವಾರವೇ ಫೋಟೋ ಹೊಡೆದು ಮೇಲ್ ಕಳಿಸಿದ. ಅರ್ಧ ನಿಮಿಷಕ್ಕೆ ಇಂಗ್ಲಿಷಿನಲ್ಲಿ ಉದ್ದದ ಉತ್ತರ ಬಂತು. ಜಯಪ್ಪ ಅದನ್ನು ಹೆಂಡತಿಗೆ ತೋರಿಸಿ, ಕಂಪನಿ ಅಂದರೆ ಹೀಗಿರಬೇಕು ಎಂಬಂತೆ ತಲೆಯಾಡಿಸಿದ. ಇನ್ನೇನು, ಬರುವವರು ಬರಲಿ ಎಂದು ಕಾದರು.

ಮಂಗಳವಾರ ಯಾರೂ ಬರಲಿಲ್ಲ. ಬುಧವಾರವೂ ಇಲ್ಲ. ಹಿತ್ತಲ ಒರಳುಕಲ್ಲಿನ ಮೇಲೆ ಐದು ವರ್ಷದಿಂದ ಸಂಸಾರ ಹೂಡಿದ್ದ ಕೋಳಿಯನ್ನು ಎಬ್ಬಿಸಿ, ಕಲ್ಲು ತೊಳೆದು, ಗಿಡ್ಡಮ್ಮ ಮೂರು ಸಂಜೆ ಕೈಯಲ್ಲೇ ರುಬ್ಬಿದಳು. ಮೂರನೆಯ ದಿನಕ್ಕೆ ಅವಳ ಮಣಿಕಟ್ಟು ಊದಿಕೊಂಡಿತು. ಗುರುವಾರ ಮಧ್ಯಾಹ್ನದಿಂದ ಗುಂಡುಕಲ್ಲು ಜಯಪ್ಪನ ಕೈಗೆ ಬಂತು. ವಾಲ್ವ್ ತಿರುಗಿಸಿದ ಕೈಗೆ ಇದೇನು ದೊಡ್ಡದು ಎಂದುಕೊಂಡೇ ಕೂತ. ಆದರೆ ವಾಲ್ವ್‌ಗೆ ಎಂಟು ಸುತ್ತು ತಿರುಗಿಸಿದರೆ ಮುಗಿಯಿತು, ಇಡ್ಲಿ ಹಿಟ್ಟಿಗೆ ಕೊನೆಯೇ ಇಲ್ಲ. ಎದ್ದಾಗ ಬಲಗೈ ಯಾರದೋ ಆಗಿತ್ತು. ಎದುರುಮನೆಯ ಪಾಲಣ್ಣ ಮಂಡಿನೋವಿನ ಎಣ್ಣೆ ಕಾಯಿಸಿ ಮಾರುವವನು. ಇವನ ಅವಸ್ಥೆ ನೋಡಿ ಒಂದು ಸೀಸೆ ತಂದು ಪುಕ್ಕಟೆ ಕೊಟ್ಟ. ಅಷ್ಟೊಂದು ಪ್ರೀತಿ ಯಾಕೆ ಎಂದು ಜಯಪ್ಪನಿಗೆ ಆಗ ಹೊಳೆಯಲಿಲ್ಲ.

ಹೊಳೆದದ್ದು ಅದೇ ದಿನ, ಅರುಣ್ ಕುಮಾರನ ಅಂಗಡಿಯಲ್ಲಿ. ಅವನು ಇಂಗ್ಲಿಷ್ ಉತ್ತರವನ್ನು ಓದಿ, ಜಯಪ್ಪನ ಮುಖ ನೋಡಿ, ಮತ್ತೆ ಓದಿದ.

“ಅಣ್ಣಾ, ಇದು ಕಂಪನಿ ಉತ್ತರ ಅಲ್ಲ. ನಿಮ್ಮ ಮೇಲ್ ಹೋಗೇ ಇಲ್ಲ, ವಾಪಸ್ ಬಂದೈತೆ. ನಿಮ್ಮ ಐಡಿನ ಸ್ಪ್ಯಾಮ್ ಲೆಕ್ಕಕ್ಕೆ ಹಾಕ್ಯಾರೆ. ಸ್ಪ್ಯಾಮ್ ಅಂದ್ರೆ ಕಸ.”

ಜಯಪ್ಪ ಕಣ್ಣು ಬಿಟ್ಟ. ಅರುಣ್ ಕುಮಾರ್ ಅವನಿಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದ. ನಿಮ್ಮ ಲೈನಿನಲ್ಲಿ ಕೊಳಚೆ ನೀರು ಬರುತ್ತಿದೆ ಎಂದು ಕಂಪನಿಯ ಕಡೆ ವಾಲ್ವ್ ಬಂದ್ ಮಾಡಿದ್ದಾರೆ, ಈಗ ಒಳ್ಳೇ ನೀರು ಬಿಟ್ಟರೂ ಒಳಗೆ ಹೋಗುವುದಿಲ್ಲ ಎಂದ. ಇದು ಅರ್ಥವಾಯಿತು. ಅರ್ಥವಾದದ್ದೇ ಜಾಸ್ತಿ ನೋವಾಯಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ಊರಿಗೆ ಕೊಳಚೆ ನೀರು ಬಿಟ್ಟವನಲ್ಲ.

“ಲೀಕು ಎಲ್ಲೈತೆ?” ಎಂದ.

ಕಳಿಸಿದ ಮೇಲ್‌ಗಳ ಪಟ್ಟಿ ತೆಗೆದರೆ ಅಂಗಡಿಯಲ್ಲಿದ್ದವರೆಲ್ಲ ಬಗ್ಗಿ ನೋಡಿದರು. ಎರಡು ಸಾವಿರಕ್ಕೆ ಹತ್ತಿರ ಇದ್ದವು! ಪಂಚಾಯ್ತಿ ಮಾಜಿ ಮೆಂಬರ್ ಜಂಪಣ್ಣ ತನ್ನ ಮನೆ ಮುಂದಿನ ಒಂದು ಬೀದಿದೀಪದ ಬಗ್ಗೆ ರಾಜ್ಯದಲ್ಲಿರುವ ಎಲ್ಲ ಅಧಿಕಾರಿಗಳಿಗೂ ದೂರು ಬರೆದಿದ್ದ, ಮೀನುಗಾರಿಕೆ ಇಲಾಖೆಯನ್ನೂ ಬಿಟ್ಟಿರಲಿಲ್ಲ. ಹನುಮಂತಮ್ಮನ ಮನೆಯವರು ಟೀವಿಯ ಅಡುಗೆ ಸ್ಪರ್ಧೆಗೆ ಒಂದೇ ಹೋಳಿಗೆಯ ಫೋಟೋವನ್ನು ನಲವತ್ತು ಸಲ ಕಳಿಸಿದ್ದರು. ಇದೆಲ್ಲ ಸಣ್ಣ ಸೋರಿಕೆ. ಮೇನ್ ಪೈಪೇ ಒಡೆದದ್ದು ಪಾಲಣ್ಣನಿಂದ. ‘ಮೂರೇ ದಿನದಲ್ಲಿ ಮಂಡಿನೋವು ಮಾಯ, ಇಂದೇ ಬರೆಯಿರಿ’ ಎಂದು ಆರುನೂರ ಹನ್ನೆರಡು ಜನಕ್ಕೆ, ಕೆಳಗೆ ‘ಇಂತಿ ಜಯಪ್ಪ’ ಎಂಬ ಹೆಸರಿನ ಸಮೇತ. ಜಯಪ್ಪನ ಹೆಗಲಿನಿಂದ ಅದೇ ಎಣ್ಣೆಯ ವಾಸನೆ ಅಂಗಡಿ ತುಂಬ ಹರಡಿತ್ತು. ಹೆಗಲು ಇನ್ನೂ ನೋಯುತ್ತಿತ್ತು.

ಮನೆಗೆ ಬಂದು ಹೆಂಡತಿಗೆ “ವಾಪಸ್ ಬಂತು” ಎಂದಷ್ಟೇ ಹೇಳಿ, ಉಳಿದ ಅಕ್ಕಿ ರುಬ್ಬಲು ಮತ್ತೆ ಒರಳಿನ ಮುಂದೆ ಕೂತ. ಗಿಡ್ಡಮ್ಮ ಹೌದಾ ಎಂದು ಒಳಗೆ ಹೋದಳು. ಮಾರನೆಯ ದಿನದಿಂದ ಮೇಲ್ ವಿಷಯ ಕೇಳುವುದನ್ನೇ ಬಿಟ್ಟಳು. ಗಂಡನ ಮೇಲೆ ಎಂಥ ನಂಬಿಕೆ ಎಂದು ಜಯಪ್ಪನ ಕಣ್ಣು ತುಂಬಿತು.

ಅರುಣ್ ಕುಮಾರ್ ಹೇಳಿದ ಉಪಾಯ ಸುಲಭದ್ದು. ಪಾಸ್‌ವರ್ಡ್ ಬದಲಿಸಿ ಎರಡು ದಿನ ಯಾವ ಮೇಲೂ ಕಳಿಸದೆ ಸುಮ್ಮನಿದ್ದರೆ, ಅವರಾಗಿಯೇ ವಾಲ್ವ್ ಸಡಿಲ ಮಾಡಿದರೂ ಮಾಡಬಹುದು. ಸುಮ್ಮನಿರುವ ವಿದ್ಯೆಯಲ್ಲಿ ಜಯಪ್ಪನನ್ನು ಮೀರಿಸುವವರು ತಾಲೂಕಿನಲ್ಲೇ ಇರಲಿಲ್ಲ. ಶುಕ್ರವಾರ ಪಾಸ್‌ವರ್ಡ್ ಬದಲಾಯಿತು. ಹತ್ತು ಗಂಟೆಗೆಲ್ಲ ಜಗುಲಿ ತುಂಬ ಜನ. ನೀರು ನಿಂತಾಗ ಬರುತ್ತಾರಲ್ಲ, ಹಾಗೆ. ಜಂಪಣ್ಣನಂತೂ ಎದೆಯ ಮೇಲೆ ಕೈಯಿಟ್ಟು ಕೇಳಿದ:

“ಏನಪಾ ಜಯಪ್ಪ, ಬೀದಿಗೆಲ್ಲ ಇರಾದು ಒಂದು ಮೇಲ್. ಅದನ್ನೂ ಬಂದ್ ಮಾಡಿದ್ರೆ ಬಡವರು ಎಲ್ಲಿಗೆ ಹೋಗಬೇಕು?”

ಇದಕ್ಕೆ ಹೇಳಬೇಕಾದದ್ದು ಒಂದೇ ಪದ. ಆಗಲ್ಲ. ಜಯಪ್ಪನ ಗಂಟಲಿನಲ್ಲಿ ಆ ಪದವೊಂದನ್ನು ದೇವರು ಇಟ್ಟಿರಲಿಲ್ಲ. ಎರಡು ದಿನ ಯಾರೂ ಮುಟ್ಟಬಾರದು ಎಂದು ಹೇಳಿಯೇ ಹೊಸ ಪಾಸ್‌ವರ್ಡ್ ಕೊಟ್ಟ. ಎಲ್ಲರೂ ಒಪ್ಪಿದರು. ಸಂಜೆ ನೀರು ಬಿಟ್ಟು ಬರುವಷ್ಟರಲ್ಲಿ, ಮರೆತುಹೋದೀತು ಎಂಬ ಕಾಳಜಿಯಿಂದ ಪಾಲಣ್ಣ ಅದನ್ನು ಹಳೆಯದರ ಕೆಳಗೆ ಕೆಂಪು ಬಣ್ಣದಲ್ಲಿ ಬರೆದಿದ್ದ. ಭಾನುವಾರ ಜಯಪ್ಪ ಕಳಿಸಿದ ಎರಡನೇ ಮೇಲ್ ಅರ್ಧ ನಿಮಿಷ ಕೂಡ ಹೊರಗಿರದೆ ಮನೆಗೆ ಬಂತು. ಶನಿವಾರ ಎಣ್ಣೆ ಇನ್ನೂ ಇನ್ನೂರು ಜನಕ್ಕೆ ಹೋಗಿತ್ತು.

ಸೋಮವಾರ ಹೊಸ ಐಡಿ ಮಾಡಿಸಲು ಹೋದ. ಈ ಫೋನ್ ನಂಬರಿನಲ್ಲಿ ಆಗಲೇ ಬೇಕಾದಷ್ಟು ಐಡಿ ಆಗಿವೆ, ಇನ್ನು ಕೊಡುವುದಿಲ್ಲ ಎಂದು ಫೋನೇ ಹೇಳಿತು. ನಂಬರನ್ನೂ ಬೀದಿಯವರ ಊರೂರಿನ ನೆಂಟರಿಗೆಲ್ಲ ಕೊಟ್ಟಿದ್ದನಲ್ಲ! ಹಾಗಾದರೆ ನಿನ್ನ ಅಂಗಡಿಯ ಐಡಿಯಿಂದ ಕಳಿಸು ಎಂದರೆ ಅರುಣ್ ಕುಮಾರ್ ಎರಡೂ ಕೈ ಜೋಡಿಸಿದ.

“ತಪ್ಪು ತಿಳ್ಕಬ್ಯಾಡ್ರಿ ಅಣ್ಣ. ನಿಮ್ಮನ್ನ ನೋಡಿದ ಮೇಲೆ ಐಡಿ ಕೊಡಾಕೆ ಭಯ ಆಗ್ತೈತೆ.”

ಉಳಿದದ್ದು ಎರಡು ದಿನ. ಮಂಗಳವಾರ ಜಯಪ್ಪ ಹೆಗಲು ಉಜ್ಜಿಕೊಳ್ಳುತ್ತ, ತನ್ನ ಜೀವಮಾನದ ಮೊದಲ ಸಾಲ ಕೇಳಲು ಹೊರಟ. ಒಂದೇ ಒಂದು ಮೇಲ್ ಐಡಿ, ಒಂದೇ ಒಂದು ದಿನಕ್ಕೆ. ಮೊದಲು ಜಂಪಣ್ಣನ ಮನೆ. ಜಂಪಣ್ಣ ಬಹಳ ಸಂತೋಷಪಟ್ಟ. ಇಷ್ಟು ವರ್ಷ ನೀನು ನಮಗೆ ಉಪಕಾರ ಮಾಡಿದ್ದೀಯ, ನಾವು ಇಷ್ಟೂ ಮಾಡಬಾರದೇ ಎಂದು ಕನ್ನಡಕ ಹಾಕಿಕೊಂಡು, ಡೈರಿ ತೆಗೆದು, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ. ಜಯಪ್ಪ ಬರೆದುಕೊಂಡ. ಬರೆದು ನೋಡಿದರೆ ಅದು ಅವನದೇ ಐಡಿ. ಪಾಲಣ್ಣ ಕೊಟ್ಟದ್ದೂ ಅದೇ. ಹನುಮಂತಮ್ಮನ ಗಂಡ ಕೊಟ್ಟದ್ದೂ ಅದೇ. ಹನ್ನೊಂದು ಮನೆ ತಿರುಗಿದ. ಹನ್ನೊಂದು ಜನ ಯಜಮಾನರೂ ಧಾರಾಳವಾಗಿ ಅವನ ಐಡಿಯನ್ನು ಅವನಿಗೇ ದಾನ ಮಾಡಿದರು. ಒಬ್ಬರು ಪಾಸ್‌ವರ್ಡ್ ಬೇಕಾದರೆ ಜಯಪ್ಪನ ಗೋಡೆ ನೋಡಿಕೋ ಎಂದೂ ಹೇಳಿದರು. ಇವನೇ ಜಯಪ್ಪ ಎಂಬುದು ಅವರಿಗೆ ಆ ಗಳಿಗೆಯಲ್ಲಿ ನೆನಪಿರಲಿಲ್ಲ.

ಆ ಸಂಜೆ ರುಬ್ಬುವಾಗ ಜಯಪ್ಪನಿಗೆ ಸಿಟ್ಟೂ ಬರಲಿಲ್ಲ. ಸಿಟ್ಟು ಬರಲು ಭುಜದಲ್ಲಿ ಸ್ವಲ್ಪವಾದರೂ ಶಕ್ತಿ ಬೇಕು. ಕಲ್ಲು ತಿರುಗಿತು, ಅವನು ಅದರ ಹಿಂದೆ ತಿರುಗಿದ. ನಾಳೆ ವಾರಂಟಿ ಮುಗಿಯುತ್ತದೆ. ಸಾಯುವ ತನಕ ಇದೇ ಕಲ್ಲು ಎಂದು ಮನಸ್ಸು ಗಟ್ಟಿ ಮಾಡಿಕೊಂಡ. ಕೋಳಿ ಗೋಡೆಯ ಮೇಲೆ ಕೂತು ತನ್ನ ಮನೆ ಯಾವಾಗ ಖಾಲಿ ಮಾಡುತ್ತೀರಿ ಎಂಬಂತೆ ನೋಡುತ್ತಿತ್ತು.

ಬುಧವಾರ ಮಧ್ಯಾಹ್ನ ಬಾಗಿಲಲ್ಲಿ ಬೈಕು ನಿಂತಿತು. ಕಂಪನಿಯ ಮೆಕ್ಯಾನಿಕ್! ಬೆನ್ನಿಗೆ ಚೀಲ, ಕೈಯಲ್ಲಿ ಹೊಸ ಮೋಟಾರು. ಅರ್ಧ ಗಂಟೆಯಲ್ಲಿ ಹಳೆಯದು ಬಿಚ್ಚಿ ಹೊಸದು ಕೂರಿಸಿದ. ಜಯಪ್ಪನ ಎದೆ ಮತ್ತೆ ಉಬ್ಬಿತು. ಎಷ್ಟಾದರೂ ತಾನು ಕಳಿಸಿದ್ದು ಎರಡು ಮೇಲ್, ಒಂದಾದರೂ ಹೇಗೋ ತೂರಿಕೊಂಡು ಹೋಗಿರಬೇಕು. ಹೆಂಡತಿಯ ಕಡೆ ತಿರುಗಿ ಮೆಲ್ಲಗೆ ಮೀಸೆ ಮುಟ್ಟಿಕೊಂಡ. ಮೆಕ್ಯಾನಿಕ್ ಸಹಿ ಹಾಕಿಸಲು ಫೋನ್ ಮುಂದೆ ಹಿಡಿದ.

“ಗಿಡ್ಡಮ್ಮ ಅನ್ನೋರು ಯಾರು? ಹೋದ ಗುರುವಾರ ಮೇಲ್ ಮಾಡಿದ್ರಲ್ಲ, ಅವರೇ ಸೈನ್ ಮಾಡಬೇಕು.”

ಗಿಡ್ಡಮ್ಮ ಸೆರಗಿಗೆ ಬೆರಳು ಒರೆಸಿಕೊಂಡು ಫೋನಿನ ಮೇಲೆ ಸಹಿ ಹಾಕಿದಳು. ಬೈಕಿನ ಸದ್ದು ಬೀದಿ ದಾಟಿದ ಮೇಲೆ ಜಯಪ್ಪ ಮೀಸೆಯಿಂದ ಕೈ ತೆಗೆದ.

“ನಿಂಗೆ ಮೇಲ್ ಐತಾ?”

“ಎರಡು ವರ್ಷ ಆತು. ಚನ್ನಗಿರಿ ಟ್ರೇನಿಂಗ್‌ನಾಗೆ ಕಲಿಸಾಕೆ ಬಂದಿದ್ದ ಅಂಬಿಕಾ ಮಾಡಿಕೊಟ್ಲು. ಸಂಘದ ಹದಿನಾಕು ಹೆಣ್ಣುಮಕ್ಕಳಿಗೂ ಐತೆ. ಹನುಮಂತಮ್ಮಂಗೂ ಐತೆ. ನೀವು ಗಂಡಸರನ್ನಷ್ಟೇ ಕೇಳಿದ್ರಿ.”

“ಹೇಳಬಾರದಾಗಿತ್ತಾ?”

“ಹೇಳಿದ್ರೆ ಗೋಡೆ ಮೇಲೆ ಬರೀತಿದ್ರಿ.”

ಜಯಪ್ಪ ಜಗುಲಿಯ ಗೋಡೆಯ ಕಡೆ ನೋಡಿದ. ಆದರೂ ಒಂದು ಸಂಗತಿ ಒಳಗೆ ಕೊರೆಯುತ್ತಿತ್ತು. ಗುರುವಾರವೇ ಕಳಿಸಿದ್ದರೆ ತಾನು ಆಮೇಲೂ ಐದು ಸಂಜೆ ರುಬ್ಬಿದ್ದು ಯಾಕೆ? ಅಷ್ಟು ಉದ್ದದ ಪ್ರಶ್ನೆ ಕೇಳಲು ಆಗದೆ ಒರಳಿನ ಕಡೆ ಬೆರಳು ತೋರಿಸಿದ. ಗಿಡ್ಡಮ್ಮನಿಗೆ ಅರ್ಥವಾಯಿತು. ಇಪ್ಪತ್ತು ವರ್ಷದಿಂದ ಅವನ ಬೆರಳನ್ನೇ ಓದಿದವಳು.

“ನಂಗೆ ಬಿಡು ಅಂದ್ರಲ್ಲ, ಬಿಟ್ಟೆ. ಅಲ್ಲದೆ ಕೈಯಾಗೆ ರುಬ್ಬಿದ ಮೇಲೆ ಇಡ್ಲಿ ಭಾಳ ಮೆತ್ತಗಾಗ್ಯಾವೆ ಅಂತ ಬಸ್‌ಸ್ಟ್ಯಾಂಡ್‌ನಾಗೆ ಎಲ್ಲಾರೂ ಹೇಳಿದ್ರು.”

ಅಷ್ಟರಲ್ಲಿ ಜಗುಲಿಯಿಂದ ಜಂಪಣ್ಣನ ಕೆಮ್ಮು ಕೇಳಿಸಿತು. ಬೀದಿದೀಪದ ವಿಷಯ, ಒಂದು ಅರ್ಜಿ ತುರ್ತಾಗಿ ಕಳಿಸಬೇಕಿತ್ತಂತೆ, ಜಯಪ್ಪನ ಮೇಲ್ ಯಾಕೋ ಹೋಗುತ್ತಿಲ್ಲವಂತೆ. ಜಯಪ್ಪ ಹೊರಗೆ ನೋಡಿದ, ಒಳಗೆ ನೋಡಿದ. ಪಾಪದ ಮನುಷ್ಯ, ವಯಸ್ಸಾದವನು, ಬಾಗಿಲಿಗೆ ಬಂದಿದ್ದಾನೆ. ಹೆಂಡತಿಯ ಹತ್ತಿರ ಹೋಗಿ ದನಿ ತಗ್ಗಿಸಿ ಕೇಳಿದ:

“ನಿನ್ನ ಪಾಸ್‌ವರ್ಡ್ ಏನು?”

ಗಿಡ್ಡಮ್ಮ ಗ್ರೈಂಡರಿನ ಸ್ವಿಚ್ ಹಾಕಿದಳು.